ಕಾರ್ಬನ್ ನ್ಯಾನೋಟ್ಯೂಬ್ ಬೆಳೆಸಿ ಅದಕ್ಕೆ ಲೋಹದ ಸಂಪರ್ಕ ಕೊಡುವುದು: ಹಾಸನದ ಲ್ಯಾಬ್‌ನಿಂದ ಒಂದು ಸಮಗ್ರ ಮಾರ್ಗದರ್ಶಿ

ನ್ಯಾನೋಟ್ಯೂಬ್ ಬೆಳೆಯಿತು ಅಂತ ಖುಷಿಯಿಂದ ಓಡಿ ಬಂದ ವಿದ್ಯಾರ್ಥಿಗಳೇ ಒಂದು ತಿಂಗಳ ಮೇಲೆ ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ. "ಸಾರ್, ಟ್ಯೂಬ್ ಕಾಣ್ತಿದೆ, ಕರೆಂಟ್ ಮಾತ್ರ ಹರೀತಿಲ್ಲ." ಹಾಸನದ ನಮ್ಮ ಲ್ಯಾಬ್‌ನಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಟ್ಯೂಬ್ ಬೆಳೆಸುವ ವಿಧಾನ ಹುಡುಕಿದರೆ ಸಿಗುತ್ತದೆ. ಬೆಳೆದ ಟ್ಯೂಬಿನ ಮೇಲೆ ಲೋಹ ಕೂರಿಸುವುದು ಹೇಗೆ, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯುವುದು ಹೇಗೆ ಅನ್ನುವುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಎಂಎಸ್ಸಿ ಪ್ರಾಜೆಕ್ಟ್ ಅಥವಾ ಪಿಎಚ್‌ಡಿ ಶುರು ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನಾವು ಕಟ್ಟುವುದು ಏನನ್ನು

ಕಾರ್ಬನ್ ಪರಮಾಣುಗಳ ಒಂದೇ ಪದರದ ಹಾಳೆಯನ್ನು ಚಾಪೆಯಂತೆ ಸುತ್ತಿದರೆ ಒಂಟಿ ಪದರದ ನ್ಯಾನೋಟ್ಯೂಬ್. ದಪ್ಪ 1ರಿಂದ 3 ನ್ಯಾನೋಮೀಟರ್. ಉದ್ದ ಹತ್ತಾರು ಮೈಕ್ರೋಮೀಟರ್ ಆಗಬಹುದು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಹಲವು ಪದರದ ಟ್ಯೂಬುಗಳನ್ನು ತೋರಿಸಿದರು. 1993ರಲ್ಲಿ ಒಂಟಿ ಪದರದ್ದು ಸಿಕ್ಕಿತು. 1998ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಒಂದೇ ಒಂದು ಟ್ಯೂಬಿನಿಂದ ಟ್ರಾನ್ಸಿಸ್ಟರ್ ಮಾಡಿದರು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹೊಂಗ್‌ಜೀ ದಾಯ್ ಅವರ ತಂಡ ಸಿಲಿಕಾನ್ ಚಿಪ್ ಮೇಲೆ ಬೇಕಾದ ಜಾಗದಲ್ಲೇ ಮೀಥೇನ್‌ನಿಂದ ಟ್ಯೂಬ್ ಬೆಳೆಸಿತು. ನಾವು ಹಿಡಿಯುವುದು ಆ ದಾರಿಯನ್ನೇ.

ಹಾಳೆಯನ್ನು ಯಾವ ಓರೆಯಲ್ಲಿ ಸುತ್ತಲಾಗಿದೆ ಅನ್ನುವುದರ ಮೇಲೆ ಟ್ಯೂಬಿನ ಗುಣ ನಿಂತಿದೆ. ಸುಮಾರು ಮೂರರಲ್ಲಿ ಒಂದು ಲೋಹದಂತೆ ವರ್ತಿಸುತ್ತದೆ, ಉಳಿದ ಎರಡು ಅರೆವಾಹಕ. ಅರೆವಾಹಕ ಟ್ಯೂಬಿನ ಬ್ಯಾಂಡ್‌ಗ್ಯಾಪ್ (ಕರೆಂಟ್ ಹರಿಯಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ತಿಳಿಯಲು 0.8ನ್ನು ನ್ಯಾನೋಮೀಟರ್ ಲೆಕ್ಕದ ದಪ್ಪದಿಂದ ಭಾಗಿಸಿ. ಉತ್ತರ ಸುಮಾರಾಗಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬರುತ್ತದೆ. 2 ನ್ಯಾನೋಮೀಟರ್ ಟ್ಯೂಬಿಗೆ 0.4, 1 ನ್ಯಾನೋಮೀಟರ್ ಟ್ಯೂಬಿಗೆ 0.8. ಈ ಲೆಕ್ಕ ನೆನಪಿರಲಿ, ಲೋಹ ಕೂರಿಸುವಾಗ ಮತ್ತೆ ಬೇಕು.

ನಮ್ಮ ಸಾಧನ, ಅಂದರೆ ಟ್ರಾನ್ಸಿಸ್ಟರ್, ಸರಳ. ಕೆಳಗೆ ಚೆನ್ನಾಗಿ ಡೋಪ್ ಆದ (ಕರೆಂಟ್ ಹರಿಯುವಂತೆ ಬೇರೆ ಪರಮಾಣು ಬೆರೆಸಿದ) ಸಿಲಿಕಾನ್, ಅದೇ ಗೇಟ್, ಅಂದರೆ ಟ್ಯೂಬಿನ ಕರೆಂಟನ್ನು ಹತೋಟಿಯಲ್ಲಿಡುವ ತುದಿ. ಅದರ ಮೇಲೆ 300 ನ್ಯಾನೋಮೀಟರ್ ಸಿಲಿಕಾನ್ ಆಕ್ಸೈಡ್. ಅದರ ಮೇಲೆ ಟ್ಯೂಬ್. ಟ್ಯೂಬಿನ ಎರಡು ಕಡೆ ಲೋಹ.

ಯಾವ ಕೆಲಸ ಎಲ್ಲಿ

ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕ್ಲೀನ್‌ರೂಮ್ ಇರುವುದಿಲ್ಲ. ಹಾಗಂತ ಕೈ ಬಿಡಬೇಕಿಲ್ಲ. ಬೆಳೆಸುವುದು ಮತ್ತು ಅಳೆಯುವುದು ಹಾಸನದಲ್ಲೇ ಆಗುತ್ತದೆ. ಲಿಥೋಗ್ರಫಿ (ಚಿಪ್ ಮೇಲೆ ನಕ್ಷೆ ಮೂಡಿಸುವುದು) ಮತ್ತು ಲೋಹ ಕೂರಿಸುವುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರ ಇದೆ. ಐಎನ್‌ಯುಪಿ ಅನ್ನುವ ಕೇಂದ್ರ ಸರ್ಕಾರದ ಯೋಜನೆಯಡಿ ಹೊರಗಿನ ಕಾಲೇಜಿನವರೂ ಪ್ರಸ್ತಾವ ಕಳಿಸಿ ಅಲ್ಲಿನ ಉಪಕರಣ ಬಳಸಬಹುದು. ನಮ್ಮ ಲೆಕ್ಕದಲ್ಲಿ ಒಂದು ಚಿಪ್ಪಿಗೆ ಬೆಂಗಳೂರಿಗೆ ಎರಡು ಸಲ ಹೋಗಬೇಕು. ಒಮ್ಮೆ ಗುರುತುಗಳಿಗೆ ಮತ್ತು ವೇಗವರ್ಧಕದ (ಟ್ಯೂಬ್ ಬೆಳೆಸುವ ಕಬ್ಬಿಣದ ಕಣಗಳ) ಗುಂಡಿಗಳಿಗೆ, ಇನ್ನೊಮ್ಮೆ ಲೋಹಕ್ಕೆ. ಹಾಸನದಿಂದ ರೈಲು ಹತ್ತಿದರೆ ಯಶವಂತಪುರದಲ್ಲಿ ಇಳಿಯಬಹುದು, ಸಂಸ್ಥೆ ಅಲ್ಲಿಂದ ಹತ್ತಿರ. ಚಿಪ್ಪನ್ನು ಜೆಲ್ ಡಬ್ಬಿಯಲ್ಲಿ ಅಂಟಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ, ಮಡಿಲಲ್ಲೇ ಇಟ್ಟುಕೊಂಡು ಹೋಗಿ. ಬ್ಯಾಗಿನಲ್ಲಿ ಟಿಫನ್ ಡಬ್ಬಿ ಜೊತೆ ಬೇಡ.

ಚಿಪ್ ಮತ್ತು ಗುರುತು

ವೇಫರನ್ನು ವಜ್ರದ ಮೊನೆಯಿಂದ ಗೀರಿ 1 ಸೆಂಟಿಮೀಟರ್ ಚೌಕಗಳಾಗಿ ಮುರಿಯಿರಿ. ಅಸಿಟೋನ್, ಆಮೇಲೆ ಐಸೋಪ್ರೊಪನಾಲ್, ಆಮೇಲೆ ನೈಟ್ರೋಜನ್ ಊದಿ ಒಣಗಿಸಿ. ಅಸಿಟೋನ್ ತಾನಾಗಿ ಒಣಗಲು ಬಿಡಬೇಡಿ, ಕಲೆ ಉಳಿಯುತ್ತದೆ.

ಮುಂದೆ ಟ್ಯೂಬ್ ಎಲ್ಲಿದೆ ಅಂತ ಗುರುತಿಸಲು ಚಿಪ್ ಮೇಲೆ ಲೋಹದ ಚುಕ್ಕಿಗಳ ಜಾಲ ಬೇಕು. ಮೊದಲ ಸಲ ನಾವು ಇದನ್ನು ಚಿನ್ನದಲ್ಲಿ ಮಾಡಿದ್ದೆವು. 900 ಡಿಗ್ರಿಯ ಫರ್ನೇಸಿನಿಂದ ಹೊರಗೆ ತೆಗೆದಾಗ ಚೌಕಾಕಾರದ ಗುರುತುಗಳ ಬದಲು ಕೆಸುವಿನ ಎಲೆ ಮೇಲಿನ ನೀರಿನ ಹನಿಗಳ ಹಾಗೆ ಉಂಡೆ ಉಂಡೆ ಚಿನ್ನ ಇತ್ತು. ತೆಳು ಚಿನ್ನದ ಪದರ ತನ್ನ ಕರಗುವ ಬಿಂದುವಿಗಿಂತ ಎಷ್ಟೋ ಕೆಳಗೇ ಹೀಗೆ ಒಟ್ಟುಗೂಡಿಬಿಡುತ್ತದೆ. 5 ನ್ಯಾನೋಮೀಟರ್ ಟಂಗ್‌ಸ್ಟನ್, ಅದರ ಮೇಲೆ 25 ನ್ಯಾನೋಮೀಟರ್ ಪ್ಲಾಟಿನಂ ಹಾಕಿ. ಅದು ಶಾಖ ತಾಳುತ್ತದೆ.

ವೇಗವರ್ಧಕ: ಬಿತ್ತನೆ ಚೆನ್ನಾಗಿದ್ದರೆ ಬೆಳೆ

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುತ್ತದಲ್ಲ, ಆಗ ನಮ್ಮ ರೈತರು ಮೂಟೆ ಬಿಚ್ಚಿಸಿ, ಗಡ್ಡೆ ಕೊಯ್ದು ನೋಡದೆ ದುಡ್ಡು ಕೊಡುವುದಿಲ್ಲ. ಬಿತ್ತನೆ ಕೆಟ್ಟರೆ ಗೊಬ್ಬರ ಎಷ್ಟು ಹಾಕಿದರೂ ಬೆಳೆ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಇಲ್ಲಿ ಬಿತ್ತನೆ ಅಂದರೆ ಕಬ್ಬಿಣದ ನ್ಯಾನೋ ಕಣ. ಬಿಸಿಯಲ್ಲಿ ಮೀಥೇನ್ ಒಡೆದು ಬಂದ ಕಾರ್ಬನ್ ಆ ಕಣದೊಳಗೆ ಸೇರಿ, ತುಂಬಿ, ಟ್ಯೂಬ್ ಆಗಿ ಹೊರಗೆ ಬರುತ್ತದೆ. ಕಣ ಎಷ್ಟು ದಪ್ಪವೋ ಟ್ಯೂಬ್ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾದರೆ ಒಂಟಿ ಪದರದ ಟ್ಯೂಬ್ ಬರುವುದಿಲ್ಲ.

ಹೀಗೆ ಮಾಡಿ. 30 ಮಿ.ಲೀ. ಮೆಥನಾಲ್‌ಗೆ 40 ಮಿಲಿಗ್ರಾಂ ಕಬ್ಬಿಣದ ನೈಟ್ರೇಟ್ (ಒಂಬತ್ತು ನೀರಿನ ಅಣು ಇರುವ ಹರಳು), 10 ಮಿಲಿಗ್ರಾಂ ಮಾಲಿಬ್ಡಿನಂ ಅಸಿಟೈಲ್ ಅಸಿಟೋನೇಟ್, 30 ಮಿಲಿಗ್ರಾಂ ಅಲ್ಯುಮಿನಾ ನ್ಯಾನೋಪುಡಿ ಹಾಕಿ. ಅಲ್ಯುಮಿನಾ ಕಣಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಆಧಾರ, ಮಾಲಿಬ್ಡಿನಂ ಕಬ್ಬಿಣದ ಜೊತೆಗಾರ. ಪುಡಿ ತೂಗುವಾಗ ಮಾಸ್ಕ್ ಇರಲಿ, ಫ್ಯಾನ್ ಆರಿಸಿ. ಒಂದು ರಾತ್ರಿ ಕಲಕಿ, ಮರುದಿನ ಒಂದು ಗಂಟೆ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿಡಿ. ಬಳಸುವ ಮೊದಲು ಪ್ರತಿ ಸಲವೂ ಅಲ್ಟ್ರಾಸೌಂಡ್ ಬೇಕು. ಸುಮ್ನೆ ಇಟ್ಟ ಬಾಟಲಿಯಲ್ಲಿ ಪುಡಿ ತಳಕ್ಕೆ ಕೂತಿರುತ್ತದೆ, ಮೇಲಿನ ತಿಳಿ ಹಾಕಿದರೆ ಬೆಳೆ ಇಲ್ಲ.

ಚಿಪ್ ಮೇಲೆ ಪಿಎಂಎಂಎ (ನಕ್ಷೆ ಬರೆಯಲು ಬಳಸುವ ಪ್ಲಾಸ್ಟಿಕ್ ರೆಸಿಸ್ಟ್) ಪದರ ಬಳಿದು, ಇ-ಬೀಮ್‌ನಿಂದ, ಅಂದರೆ ಎಲೆಕ್ಟ್ರಾನ್ ಕಿರಣದಿಂದ, 3ರಿಂದ 5 ಮೈಕ್ರೋಮೀಟರ್ ಗುಂಡಿಗಳನ್ನು ತೆರೆದಿರುತ್ತೀರಿ. ಸಾಮಾನ್ಯ ಫೋಟೋರೆಸಿಸ್ಟ್ ಇಲ್ಲಿ ಆಗದು, ಮೆಥನಾಲ್ ಅದನ್ನು ಕರಗಿಸಿಬಿಡುತ್ತದೆ. ಒಂದೆರಡು ಹನಿ ದ್ರಾವಣ ಹಾಕಿ, ಒಣಗಿದ ಮೇಲೆ 150 ಡಿಗ್ರಿಯ ಹಾಟ್‌ಪ್ಲೇಟ್ ಮೇಲೆ ಐದು ನಿಮಿಷ ಇಡಿ. ಆಮೇಲೆ ಅಸಿಟೋನ್‌ನಲ್ಲಿ ಪಿಎಂಎಂಎ ತೆಗೆದರೆ ಗುಂಡಿಯಿದ್ದ ಜಾಗದಲ್ಲಿ ಮಾತ್ರ ಪುಡಿಯ ಪುಟ್ಟ ದ್ವೀಪಗಳು ಉಳಿಯುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿ. ದ್ವೀಪಗಳ ಮಧ್ಯೆ ಪುಡಿ ಚೆಲ್ಲಿದ್ದರೆ ಆ ಚಿಪ್ ಬದಿಗಿಡಿ.

ಫರ್ನೇಸ್

ಬೇಕಾದ್ದು 25 ಮಿ.ಮೀ. ಒಳವ್ಯಾಸದ ಕ್ವಾರ್ಟ್ಜ್ ಕೊಳವೆ, ಮೂರು ಅನಿಲಕ್ಕೂ (ಆರ್ಗಾನ್, ಹೈಡ್ರೋಜನ್, ಮೀಥೇನ್) ಹರಿವನ್ನು ಹತೋಟಿಯಲ್ಲಿಡುವ ಮಾಸ್ ಫ್ಲೋ ಕಂಟ್ರೋಲರ್, ಕೊನೆಯಲ್ಲಿ ಎಣ್ಣೆಯ ಬಬ್ಲರ್ (ಅನಿಲ ಗುಳ್ಳೆಯಾಗಿ ಹಾದುಹೋಗುವ ಬಾಟಲಿ), ಅಲ್ಲಿಂದ ಹೊರಗೆ ಹೋಗುವ ಪೈಪ್. ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಬೆವರಿನ ಉಪ್ಪು 900 ಡಿಗ್ರಿಯಲ್ಲಿ ಕ್ವಾರ್ಟ್ಜನ್ನು ಬೆಳ್ಳಗೆ ಮಬ್ಬು ಮಾಡುತ್ತದೆ, ಆ ಜಾಗದಿಂದಲೇ ಒಡೆಯುತ್ತದೆ.

ಹೈಡ್ರೋಜನ್ ಗಾಳಿಯಲ್ಲಿ ಶೇಕಡ 4ರಿಂದ 75ರವರೆಗೆ, ಮೀಥೇನ್ 5ರಿಂದ 15ರವರೆಗೆ ಬೆರೆತಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಈ ಸಿಲಿಂಡರ್‌ಗಳ ತಿರುಪಿನ ಸುತ್ತು ಎಡಕ್ಕೆ ತಿರುಗುವಂಥದ್ದು, ಬಿಗಿ ಮಾಡುವ ಬದಲು ಸಡಿಲಿಸಬೇಡಿ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಹೈಡ್ರೋಜನ್ ಸೆನ್ಸರ್ ಛಾವಣಿ ಹತ್ತಿರ ಇರಲಿ, ಅದು ಮೇಲಕ್ಕೆ ಹೋಗುವ ಅನಿಲ.

ಕ್ರಮ ಹೀಗೆ:

1. ಚಿಪ್ಪನ್ನು ಕ್ವಾರ್ಟ್ಜ್ ದೋಣಿಯಲ್ಲಿಟ್ಟು ಫರ್ನೇಸಿನ ನಡುಮಧ್ಯಕ್ಕೆ ತಳ್ಳಿ. ಆರ್ಗಾನ್ ನಿಮಿಷಕ್ಕೆ 1000 ಮಿ.ಲೀ., ಹತ್ತು ನಿಮಿಷ. ಒಂದು ಮೀಟರ್ ಕೊಳವೆಯಲ್ಲಿ ಹಿಡಿಯುವುದು ಅರ್ಧ ಲೀಟರ್, ಅಂದರೆ ಇಪ್ಪತ್ತು ಸಲ ತೊಳೆದ ಹಾಗೆ.
2. ಆರ್ಗಾನ್ ಹರಿಯುತ್ತಿರುವಾಗಲೇ 900 ಡಿಗ್ರಿಗೆ ಏರಿಸಿ.
3. ಹೈಡ್ರೋಜನ್ ನಿಮಿಷಕ್ಕೆ 500ರಿಂದ 700 ಮಿ.ಲೀ. ಬಿಡಿ, ಆರ್ಗಾನ್ ನಿಲ್ಲಿಸಿ. ಐದು ನಿಮಿಷ ಕಾಯಿರಿ.
4. ಮೀಥೇನ್ ನಿಮಿಷಕ್ಕೆ ಸುಮಾರು 500 ಮಿ.ಲೀ. ಸೇರಿಸಿ. ಹತ್ತು ನಿಮಿಷ ಬೆಳೆ.
5. ಮೀಥೇನ್, ಹೈಡ್ರೋಜನ್ ನಿಲ್ಲಿಸಿ, ಆರ್ಗಾನ್ ಬಿಟ್ಟು ತಣಿಸಿ. 200 ಡಿಗ್ರಿಗಿಂತ ಕೆಳಗೆ ಬರುವವರೆಗೆ ಕೊಳವೆ ತೆರೆಯಬೇಡಿ.

ಈ ಅಂಕಿಗಳು ಶುರು ಮಾಡಲು ಮಾತ್ರ, ಪ್ರತಿ ಫರ್ನೇಸಿನ ಹದ ಬೇರೆ. ಕೊಳವೆಯ ಒಳಗೋಡೆ ಕಪ್ಪಾದರೆ ಮೀಥೇನ್ ಜಾಸ್ತಿ ಅಥವಾ ಹೈಡ್ರೋಜನ್ ಕಮ್ಮಿ ಅಂತ ಅರ್ಥ. ಆಗ ಟ್ಯೂಬಿನ ಮೇಲೂ ಮಸಿ ಕೂತಿರುತ್ತದೆ, ಲೋಹ ಸರಿಯಾಗಿ ಹತ್ತುವುದಿಲ್ಲ. ಪೂರ್ತಿ ತಣಿಸಿ, ಆರ್ಗಾನ್‌ನಲ್ಲಿ ತೊಳೆದು, ಚಿಪ್ ತೆಗೆದು, ಖಾಲಿ ಕೊಳವೆಯನ್ನು ಗಾಳಿಯಲ್ಲಿ 900 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದರೆ ಮಸಿ ಸುಟ್ಟು ಹೋಗುತ್ತದೆ. ಮುಂದಿನ ಸಲ ಒಂದೇ ಒಂದು ಅಂಕಿ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಲೆನಾಡಿನ ಅಂಚಿನವರಿಗೆ ಹೊಸದಲ್ಲ. ಒಂದು ಜುಲೈನಲ್ಲಿ ಐದನೇ ಹಂತದಲ್ಲಿದ್ದಾಗ, ಫರ್ನೇಸ್ ಇನ್ನೂ 700 ಡಿಗ್ರಿಯಲ್ಲಿತ್ತು, ಕರೆಂಟ್ ಹೋಯಿತು. ಕರೆಂಟ್ ಇಲ್ಲದಿದ್ದರೆ ನಮ್ಮ ಮಾಸ್ ಫ್ಲೋ ಕಂಟ್ರೋಲರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಆರ್ಗಾನ್ ನಿಂತಿತು. ಒಳಗಿನ ಅನಿಲ ತಣಿದು ಕುಗ್ಗಿತು, ಬಬ್ಲರಿನ ಎಣ್ಣೆ ಪೈಪಿನಲ್ಲಿ ಹಿಂದಕ್ಕೆ ಏರಿತು, ಸಡಿಲ ಜಾಯಿಂಟಿನಿಂದ ಗಾಳಿ ಒಳಗೆ ಬಂತು. ಕಬ್ಬಿಣದ ಪುಡಿ ಇದ್ದರೆ ನ್ಯಾನೋಟ್ಯೂಬ್ ಗಾಳಿಯಲ್ಲಿ 400–500 ಡಿಗ್ರಿಯ ಆಸುಪಾಸಿನಲ್ಲೇ ಸುಡಲು ಶುರುವಾಗುತ್ತದೆ. ಮರುದಿನ ಚಿಪ್ ಮೇಲೆ ದ್ವೀಪಗಳಿದ್ದವು, ಟ್ಯೂಬ್ ಒಂದೂ ಇರಲಿಲ್ಲ. ಅಂದಿನಿಂದ ಕಂಟ್ರೋಲರ್‌ಗಳನ್ನು ಯುಪಿಎಸ್‌ಗೆ ಹಾಕಿದ್ದೇವೆ. ಆರ್ಗಾನ್‌ಗೆ ಕರೆಂಟ್ ಬೇಡದ ಒಂದು ಬೈಪಾಸ್ ಕೂಡ ಮಾಡಿದ್ದೇವೆ: ಕೈಯಲ್ಲಿ ತಿರುಗಿಸುವ ವಾಲ್ವ್, ಜೊತೆಗೆ ಹರಿವು ತೋರಿಸುವ ಒಂದು ಗಾಜಿನ ರೋಟಾಮೀಟರ್. ಕೊಳವೆ ಮತ್ತು ಬಬ್ಲರ್ ಮಧ್ಯೆ ಒಂದು ಖಾಲಿ ಬಾಟಲಿಯೂ ಇದೆ, ಎಣ್ಣೆ ಹಿಂದೆ ಬಂದರೆ ಅಲ್ಲೇ ನಿಲ್ಲುತ್ತದೆ. ನೀವು ಮೊದಲ ದಿನವೇ ಇಷ್ಟನ್ನೂ ಮಾಡಿ.

ಟ್ಯೂಬ್ ಹುಡುಕುವುದು

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ 1 ಕಿಲೋವೋಲ್ಟ್ ಇಟ್ಟು ನೋಡಿದರೆ ಆಕ್ಸೈಡ್ ಮೇಲೆ ಟ್ಯೂಬುಗಳು ಬೆಳ್ಳಗಿನ ಗೆರೆಯಾಗಿ ಕಾಣುತ್ತವೆ. ಆ ಗೆರೆಯ ಅಗಲ ಟ್ಯೂಬಿನ ನಿಜವಾದ ದಪ್ಪವಲ್ಲ, ಸುತ್ತಲಿನ ವಿದ್ಯುದಂಶದ ಆಟ. ದಪ್ಪ ತಿಳಿಯಲು ಎಎಫ್‌ಎಂನಲ್ಲಿ (ಸೂಜಿ ಮೊನೆಯಿಂದ ಮೇಲ್ಮೈ ತಡವಿ ನೋಡುವ ಮೈಕ್ರೋಸ್ಕೋಪ್) ಎತ್ತರ ಅಳೆಯಬೇಕು. ಎತ್ತರ 4 ನ್ಯಾನೋಮೀಟರ್ ಬಂದರೆ ಅದು ಬಹುಶಃ ಕಂತೆ, ಬಿಟ್ಟುಬಿಡಿ. 1.5ರಿಂದ 2.5ರ ಒಳಗಿನವನ್ನು ಆರಿಸಿ. ಮೈಕ್ರೋಸ್ಕೋಪಿನ ಕೆಳಗೆ ತುಂಬಾ ಹೊತ್ತು ಇಡಬೇಡಿ, ಕಿರಣ ಬಿದ್ದಲ್ಲೆಲ್ಲ ಕಾರ್ಬನ್ ಕೊಳೆ ಕೂರುತ್ತದೆ.

ರಾಮನ್ ಉಪಕರಣ (ಲೇಸರ್ ಬೆಳಕು ಚದುರುವ ಬಗೆ ಅಳೆಯುವುದು) ಸಿಕ್ಕರೆ ಇನ್ನೂ ಒಳ್ಳೆಯದು. ಇಲ್ಲಿ ಅಂಕಿಗಳೆಲ್ಲ ಸೆಂಟಿಮೀಟರ್ ವಿಲೋಮದ (cm⁻¹) ಲೆಕ್ಕದಲ್ಲಿ. 1590ರ ಹತ್ತಿರದ ಜಿ ಶಿಖರ ಎತ್ತರವಾಗಿದ್ದು 1350ರ ಹತ್ತಿರದ ಡಿ ಶಿಖರ ಕಾಣದಷ್ಟು ಸಣ್ಣದಿದ್ದರೆ ಟ್ಯೂಬ್ ಶುದ್ಧ. 248ನ್ನು ಕಡಿಮೆ ಅಂಕಿಯ ಕಡೆ ಇರುವ ಉಸಿರಾಟದ ಶಿಖರದ (ಟ್ಯೂಬ್ ಉಬ್ಬಿ ಕುಗ್ಗುವ ಕಂಪನದ್ದು) ಅಂಕಿಯಿಂದ ಭಾಗಿಸಿದರೆ ದಪ್ಪ ನ್ಯಾನೋಮೀಟರ್‌ನಲ್ಲಿ ಸಿಗುತ್ತದೆ.

ಲೋಹ: ಇಲ್ಲೇ ಸಾಧನ ಹುಟ್ಟುವುದು

ಲೋಹ ಎಷ್ಟೇ ಚೆನ್ನಾಗಿ ಹತ್ತಿದರೂ ಒಂಟಿ ಪದರದ ಟ್ಯೂಬಿನ ಪ್ರತಿರೋಧ 6.45 ಕಿಲೋಓಮ್‌ಗಿಂತ ಕೆಳಗೆ ಬರುವುದಿಲ್ಲ. ಟ್ಯೂಬಿನಲ್ಲಿ ಎಲೆಕ್ಟ್ರಾನ್‌ಗೆ ನಾಲ್ಕೇ ದಾರಿ, ಪ್ರತಿ ದಾರಿಗೂ ಪ್ರಕೃತಿ ಹಾಕಿದ ಮಿತಿ ಇದೆ. ಅರೆವಾಹಕ ಟ್ಯೂಬಿನಲ್ಲಿ ಈ ಮಿತಿಯ ಹತ್ತಿರ ಮುಟ್ಟಿದ್ದು 2003ರಲ್ಲಿ. ದಾಯ್ ತಂಡದ ಅಲಿ ಜೇವಿ ಮತ್ತು ಜೊತೆಗಾರರು ಪಲ್ಲಾಡಿಯಂ ಬಳಸಿದರು.

ಪಲ್ಲಾಡಿಯಮ್ಮೇ ಯಾಕೆ? ಎರಡು ಕಾರಣ. ಒಂದು, ಅದರ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನ್ ಹೊರಗೆಳೆಯಲು ಬೇಕಾದ ಶಕ್ತಿ) ಸುಮಾರು 5.1 ಎಲೆಕ್ಟ್ರಾನ್ ವೋಲ್ಟ್, ಟ್ಯೂಬಿನ ವೇಲೆನ್ಸ್ ಬ್ಯಾಂಡಿಗೆ (ಎಲೆಕ್ಟ್ರಾನ್ ತುಂಬಿರುವ ಶಕ್ತಿಯ ಮಟ್ಟಗಳು) ಹೊಂದುತ್ತದೆ. ಹಾಗಾಗಿ ಹೋಲ್‌ಗಳಿಗೆ, ಅಂದರೆ ಕರೆಂಟ್ ಒಯ್ಯುವ ಎಲೆಕ್ಟ್ರಾನ್ ಖಾಲಿ ಜಾಗಗಳಿಗೆ, ಅಡ್ಡಗೋಡೆ ಇರುವುದಿಲ್ಲ. ಇನ್ನೊಂದು, ಅದು ಟ್ಯೂಬನ್ನು ಚೆನ್ನಾಗಿ ಒದ್ದೆ ಮಾಡುತ್ತದೆ. ಎಣ್ಣೆ ಸವರಿದ ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ, ಸುತ್ತ ಅಂಟಿಕೊಂಡು ಕೂರುತ್ತದೆ. ಪ್ಲಾಟಿನಂನ ವರ್ಕ್ ಫಂಕ್ಷನ್ ಇನ್ನೂ ಜಾಸ್ತಿ, ಲೆಕ್ಕದಲ್ಲಿ ಅದೇ ಮೇಲಾಗಬೇಕಿತ್ತು. ಆದರೆ ಅದು ಟ್ಯೂಬಿನ ಮೇಲೆ ಹರಡುವುದಿಲ್ಲ, ಸಂಪರ್ಕ ಕೆಟ್ಟದ್ದೇ ಬರುತ್ತದೆ. ಟೈಟೇನಿಯಂ ಚೆನ್ನಾಗಿ ಹರಡುತ್ತದೆ, ಆದರೆ ವರ್ಕ್ ಫಂಕ್ಷನ್ ಕಮ್ಮಿ. ಎರಡೂ ಗುಣ ಒಟ್ಟಿಗೆ ಇರುವುದು ಪಲ್ಲಾಡಿಯಂನಲ್ಲಿ.

ಟ್ಯೂಬಿನ ದಪ್ಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತೆಳು ಟ್ಯೂಬಿನ ಬ್ಯಾಂಡ್‌ಗ್ಯಾಪ್ ದೊಡ್ಡದು, ಆದ್ದರಿಂದ ಪಲ್ಲಾಡಿಯಂ ಹಾಕಿದರೂ ಅಡ್ಡಗೋಡೆ ಉಳಿದುಬಿಡುತ್ತದೆ. 1.5ಕ್ಕಿಂತ ದಪ್ಪದ್ದನ್ನು ಆರಿಸಿ ಅಂದಿದ್ದು ಇದಕ್ಕೇ.

ಕೆಲಸದ ಕ್ರಮ. 9.5 ಲಕ್ಷ ಅಣುತೂಕದ (950K) ಪಿಎಂಎಂಎ ಹಚ್ಚಿ, ನಿಮಿಷಕ್ಕೆ 4000 ಸುತ್ತಿನಲ್ಲಿ ತಿರುಗಿಸಿ, 180 ಡಿಗ್ರಿಯಲ್ಲಿ ಕೆಲವು ನಿಮಿಷ ಕಾಯಿಸಿ. ಪದರ ಸುಮಾರು 200 ನ್ಯಾನೋಮೀಟರ್ ಇರಲಿ. ಇ-ಬೀಮ್‌ನಲ್ಲಿ ಬರೆದು, ಒಂದು ಭಾಗ ಎಂಐಬಿಕೆ ಅನ್ನುವ ದ್ರಾವಕಕ್ಕೆ ಮೂರು ಭಾಗ ಐಸೋಪ್ರೊಪನಾಲ್ ಬೆರೆಸಿ ಒಂದು ನಿಮಿಷ ಡೆವಲಪ್ ಮಾಡಿ, ಐಸೋಪ್ರೊಪನಾಲ್‌ನಲ್ಲಿ ತೊಳೆಯಿರಿ. ಲೋಹ ಟ್ಯೂಬಿನ ಮೇಲೆ ಕನಿಷ್ಠ ಅರ್ಧ ಮೈಕ್ರೋಮೀಟರ್ ಉದ್ದಕ್ಕೆ ಕೂರುವ ಹಾಗೆ ನಕ್ಷೆ ಬರೆಯಿರಿ. ಅದು 100–200 ನ್ಯಾನೋಮೀಟರ್‌ಗೆ ಇಳಿದರೆ ಪ್ರತಿರೋಧ ಏರತೊಡಗುತ್ತದೆ.

ಈಗ ಒಂದು ಎಚ್ಚರಿಕೆ. ಬೇರೆ ಸಾಧನಗಳಲ್ಲಿ ಲೋಹ ಹಾಕುವ ಮೊದಲು ಉಳಿದ ರೆಸಿಸ್ಟ್ ತೆಗೆಯಲು ಆಕ್ಸಿಜನ್ ಪ್ಲಾಸ್ಮಾ ಕೊಡುವುದು ರೂಢಿ. ಇಲ್ಲಿ ಕೊಟ್ಟರೆ ಟ್ಯೂಬ್ ಸುಟ್ಟು ಹೋಗುತ್ತದೆ. ಅದೂ ಲೋಹ ಕೂರಬೇಕಾದ ಜಾಗದಲ್ಲೇ. ಕ್ಲೀನ್‌ರೂಮಿನಲ್ಲಿ ಸಹಾಯಕ್ಕೆ ನಿಂತವರು ಅಭ್ಯಾಸಬಲದಿಂದ ಪ್ಲಾಸ್ಮಾ ಯಂತ್ರದ ಕಡೆ ಹೊರಟರೆ, "ಸಾರ್, ಇದಕ್ಕೆ ಬೇಡ" ಅಂತ ಮೊದಲೇ ಹೇಳಿ. ಪ್ಲಾಸ್ಮಾ ಇಲ್ಲದ ಕಾರಣ ಡೆವಲಪ್ ಪೂರ್ತಿ ಆಗಿರಲೇಬೇಕು, ಇ-ಬೀಮ್ ಪ್ರಮಾಣ ಸ್ವಲ್ಪ ಜಾಸ್ತಿಯೇ ಕೊಡಿ.

ಲೋಹವನ್ನು ಆವಿ ಮಾಡಿ ಕೂರಿಸಿ, ಸ್ಪಟರ್ ಬೇಡ. ಸ್ಪಟರ್‌ನಲ್ಲಿ ರಭಸದಿಂದ ಬರುವ ಪರಮಾಣುಗಳು ಟ್ಯೂಬಿನ ಗೋಡೆ ಒಡೆಯುತ್ತವೆ. ಅರ್ಧ ನ್ಯಾನೋಮೀಟರ್ ಟೈಟೇನಿಯಂ ಹಿಡಿತಕ್ಕೆ, ಅದರ ಮೇಲೆ 30 ನ್ಯಾನೋಮೀಟರ್ ಪಲ್ಲಾಡಿಯಂ, ಸೆಕೆಂಡಿಗೆ 0.1 ನ್ಯಾನೋಮೀಟರ್ ವೇಗದಲ್ಲಿ. ಟೈಟೇನಿಯಂ ದಪ್ಪವಾದರೆ ಟ್ಯೂಬಿಗೆ ಅದೇ ಸಂಪರ್ಕವಾಗಿಬಿಡುತ್ತದೆ, ಪಲ್ಲಾಡಿಯಂ ಹಾಕಿದ್ದೂ ದಂಡ. ಲಿಫ್ಟ್‌ಆಫ್‌ಗೆ, ಅಂದರೆ ರೆಸಿಸ್ಟ್ ಜೊತೆ ಬೇಡದ ಲೋಹ ತೆಗೆಯಲು, 50 ಡಿಗ್ರಿಯ ಅಸಿಟೋನ್‌ನಲ್ಲಿ ಒಂದು ಗಂಟೆ ಇಟ್ಟು, ಪಿಪೆಟ್‌ನಿಂದ ಮೆಲ್ಲಗೆ ಊದಿ. ಲೋಹದ ಹಾಳೆ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಎದ್ದು ಬರುತ್ತದೆ. ಅದು ಪೂರ್ತಿ ತೇಲಿ ಹೋಗುವವರೆಗೆ ಚಿಪ್ಪನ್ನು ಹೊರಗೆ ತೆಗೆಯಬೇಡಿ. ಒಣಗಿದರೆ ಅಲ್ಲೇ ಅಂಟುತ್ತದೆ, ಮತ್ತೆ ಏಳುವುದಿಲ್ಲ.

ಆಮೇಲೆ ಬೇಕಾದ ಟ್ಯೂಬಿನ ಮೇಲೆ ಮಾತ್ರ ರೆಸಿಸ್ಟ್ ಹೊದಿಸಿ, ಈಗ ಆಕ್ಸಿಜನ್ ಪ್ಲಾಸ್ಮಾ ಕೊಡಿ. ಪಕ್ಕದ ಬೇಡದ ಟ್ಯೂಬುಗಳೆಲ್ಲ ಹೋಗುತ್ತವೆ. ಕೊನೆಗೆ ಆರ್ಗಾನ್‌ನಲ್ಲಿ 200ರಿಂದ 225 ಡಿಗ್ರಿ, ಹತ್ತು ನಿಮಿಷ. ಲೋಹ ಇನ್ನಷ್ಟು ಒತ್ತಿ ಕೂರುತ್ತದೆ. ಇದಕ್ಕೆ ಅದೇ ಫರ್ನೇಸ್ ಬಳಸಿದರೆ ಹೈಡ್ರೋಜನ್ ಚೂರೂ ಉಳಿಯದಂತೆ ತೊಳೆಯಿರಿ. ಪಲ್ಲಾಡಿಯಂ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಅದರ ವರ್ಕ್ ಫಂಕ್ಷನ್ ಇಳಿಯುತ್ತದೆ, ಕರೆಂಟ್ ಬೀಳುತ್ತದೆ. ಹೈಡ್ರೋಜನ್ ಪತ್ತೆ ಮಾಡುವ ಸೆನ್ಸರ್‌ಗಳಲ್ಲಿ ಈ ಗುಣವನ್ನೇ ಬಳಸುತ್ತಾರೆ.

ಅಳತೆ

ಮೊದಲು ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳಿ. ಒಣ ಚಳಿಗಾಲದಲ್ಲಿ ಸ್ವೆಟರ್ ಹಾಕಿಕೊಂಡು ಪ್ರೋಬ್ ಮುಟ್ಟಿದರೆ ಒಂದು ಕಿಡಿಗೆ ಟ್ಯೂಬ್ ಹೋಗುತ್ತದೆ. ಪ್ರೋಬಿನ ಸೂಜಿಯನ್ನು ನಿಧಾನ ಇಳಿಸಿ. ಮೊನೆ ಪ್ಯಾಡಿಗೆ ತಾಗಿದಾಗ ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತದೆ, ಅಲ್ಲಿಗೆ ನಿಲ್ಲಿಸಿ. ಇನ್ನೂ ಒತ್ತಿದರೆ ಆಕ್ಸೈಡ್ ಸೀಳಿ ಗೇಟಿಗೆ ಸೋರುತ್ತದೆ. ಅದಕ್ಕೇ ಪ್ಯಾಡಿನ ಜಾಗಕ್ಕೆ ಮಾತ್ರ ದಪ್ಪ ಚಿನ್ನ ಹಾಕುವುದು ಒಳ್ಳೆಯದು.

ಮೊದಲು ಗೇಟ್ ಸೋರಿಕೆ ನೋಡಿ, 10 ವೋಲ್ಟ್‌ನಲ್ಲೂ ಒಂದು ನ್ಯಾನೋಆಂಪ್‌ಗಿಂತ ಕೆಳಗಿರಬೇಕು. ಆಮೇಲೆ ಟ್ಯೂಬಿಗೆ ಬರೀ 10 ಮಿಲಿವೋಲ್ಟ್ ಕೊಟ್ಟು ಗೇಟನ್ನು −10ರಿಂದ +10ಕ್ಕೆ ಒಯ್ಯಿರಿ. ಗೇಟ್ ಬದಲಾದರೂ ಕರೆಂಟ್ ಹೆಚ್ಚುಕಮ್ಮಿ ಹಾಗೇ ಇದ್ದರೆ ಲೋಹದ ಟ್ಯೂಬ್. ಋಣ ಗೇಟಿನಲ್ಲಿ ಹರಿದು ಧನ ಗೇಟಿನಲ್ಲಿ ನಿಂತರೆ ಅರೆವಾಹಕ.

ಎಷ್ಟು ಕರೆಂಟ್ ಬರಬೇಕು? ಟ್ಯೂಬ್ 2 ಮೈಕ್ರೋಮೀಟರ್ ಉದ್ದ, ಎಲೆಕ್ಟ್ರಾನ್ ಅರ್ಧ ಮೈಕ್ರೋಮೀಟರಿಗೊಮ್ಮೆ ಎಡವುತ್ತದೆ ಅಂತಿಟ್ಟುಕೊಳ್ಳಿ. 2ನ್ನು ಅರ್ಧದಿಂದ ಭಾಗಿಸಿದರೆ 4. 6.45ನ್ನು 1 ಕೂಡಿಸು 4, ಅಂದರೆ ಐದರಿಂದ ಗುಣಿಸಿ. ಸುಮಾರು 32 ಕಿಲೋಓಮ್, 10 ಮಿಲಿವೋಲ್ಟಿಗೆ 300 ನ್ಯಾನೋಆಂಪ್. ನಿಮ್ಮದು ಇದರ ಎರಡು ಪಟ್ಟು ಪ್ರತಿರೋಧ ತೋರಿಸಿದರೂ ಚಿಂತೆಯಿಲ್ಲ. ಮೆಗಾಓಮ್ ತೋರಿಸಿದರೆ ತಪ್ಪು ಟ್ಯೂಬಿನದ್ದಲ್ಲ, ಸಂಪರ್ಕದ್ದು.

ಖಚಿತ ಮಾಡಿಕೊಳ್ಳಬೇಕಾ? ಒಂದೇ ಉದ್ದನೆಯ ಟ್ಯೂಬಿನ ಮೇಲೆ ಬೇರೆ ಬೇರೆ ಅಂತರದಲ್ಲಿ ನಾಲ್ಕೈದು ಲೋಹದ ಪಟ್ಟಿ ಹಾಕಿ. ಅಂತರ ಅಡ್ಡಕ್ಕೆ, ಪ್ರತಿರೋಧ ಉದ್ದಕ್ಕೆ ಇಟ್ಟು ಗೆರೆ ಎಳೆಯಿರಿ. ಗೆರೆಯ ಇಳಿಜಾರು ಟ್ಯೂಬಿನದ್ದು. ಅಂತರ ಸೊನ್ನೆಯಾದಲ್ಲಿ ಉಳಿಯುವ ಅಂಕಿಯಲ್ಲಿ 6.45 ಕಳೆದರೆ ಸಿಗುವುದು ನಿಮ್ಮ ಲೋಹದ ಕೆಲಸದ ಅಂಕ. ಪ್ರತಿ ವಿದ್ಯಾರ್ಥಿಯ ಮೊದಲ ಚಿಪ್ ಇದೇ ಆಗಿರಬೇಕು ಅಂತ ನನ್ನ ಹಠ.

ವೋಲ್ಟೇಜ್ ಏರಿಸುತ್ತಾ ಹೋದರೆ ಒಂದು ಟ್ಯೂಬಿನ ಕರೆಂಟ್ ಸುಮಾರು 25 ಮೈಕ್ರೋಆಂಪ್‌ಗೆ ನಿಂತುಬಿಡುತ್ತದೆ, ಮುಂದೆ ಏರುವುದಿಲ್ಲ. ಎರಡು ಪಟ್ಟಿಗಳ ಮಧ್ಯೆ ಹಲವು ಟ್ಯೂಬುಗಳಿದ್ದು, ಲೋಹದ ಟ್ಯೂಬುಗಳ ಕಾಟ ಇದ್ದರೆ 2001ರಲ್ಲಿ ಐಬಿಎಂನವರು ತೋರಿಸಿದ ಉಪಾಯ ಇದೆ. ಗೇಟಿನಿಂದ ಅರೆವಾಹಕ ಟ್ಯೂಬುಗಳನ್ನು ಮುಚ್ಚಿ, ಗಾಳಿಯಲ್ಲಿ ವೋಲ್ಟೇಜ್ ಏರಿಸಿ. ಹರಿಯುವುದು ಲೋಹದವು ಮಾತ್ರ, ಸುಡುವುದೂ ಅವೇ.

ಮಳೆಗಾಲದ ಚಿಪ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಕಡೆಯಿಂದ ಮೋಡ ಬಂದು ನಿಂತಾಗ ನಮ್ಮ ಗ್ರಾಫ್‌ಗಳೂ ಬದಲಾಗುತ್ತವೆ. ಗೇಟನ್ನು ಎಡದಿಂದ ಬಲಕ್ಕೆ ಒಯ್ದಾಗ ಒಂದು ಗೆರೆ, ಬಲದಿಂದ ಎಡಕ್ಕೆ ತಂದಾಗ ಇನ್ನೊಂದು. ಮಧ್ಯೆ ಹಲವು ವೋಲ್ಟ್ ಅಂತರ. ಆಕ್ಸೈಡ್ ಮೇಲೆ ಕೂತ ನೀರಿನ ಪದರ ವಿದ್ಯುದಂಶ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಒಬ್ಬ ಹುಡುಗಿ ಇದನ್ನು ಮೆಮೊರಿ ಸಾಧನ ಅಂದುಕೊಂಡು ಎರಡು ವಾರ ಅಳೆದಿದ್ದಳು. ಪರೀಕ್ಷೆ ಸುಲಭ: ಚಿಪ್ಪನ್ನು ಒಂದು ರಾತ್ರಿ ವ್ಯಾಕ್ಯೂಮ್‌ನಲ್ಲಿಟ್ಟು ಅಲ್ಲೇ ಅಳೆಯಿರಿ, ಅಂತರ ಕುಗ್ಗುತ್ತದೆ. ಸಾಧನದ ಮೇಲೆ ಪಿಎಂಎಂಎ ಹಚ್ಚಿ 180 ಡಿಗ್ರಿಯಲ್ಲಿ ಕಾಯಿಸಿದರೆ ಗಾಳಿಯಲ್ಲೂ ಹತೋಟಿಗೆ ಬರುತ್ತದೆ. ಪ್ರತಿ ಅಳತೆಯ ಜೊತೆ ಕೋಣೆಯ ತೇವಾಂಶ ಮತ್ತು ಗೇಟ್ ಒಯ್ದ ವೇಗವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅವೆರಡೂ ಇಲ್ಲದ ಗ್ರಾಫನ್ನು ನಾನು ಒಪ್ಪುವುದಿಲ್ಲ.

ಅಳೆದಾದ ಮೇಲೆ ಚಿಪ್ಪನ್ನು ಡೆಸಿಕೇಟರ್‌ಗೆ ಹಾಕಿ. ಒಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು ಮತ್ತೆ ನೀಲಿ ಮಾಡಿ. ನಮ್ಮಲ್ಲಿ ಆಗಸ್ಟ್‌ನಲ್ಲಿ ಇದು ವಾರಕ್ಕೊಮ್ಮೆಯ ಕೆಲಸ, ಸೋಮವಾರ ಬೆಳಗ್ಗೆ ಮೊದಲು ಬಂದವರದ್ದು.